ಫೋನ್ ಬಂದಾಗ ಹಿತ್ತಲಿಗೆ

ಕಂಪಲಾಪುರದ ನಮ್ಮ ಬೀದಿಯಲ್ಲಿ ಆಗ ಫೋನ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಎದುರು ಮನೆಗೆ ಹೊಸದಾಗಿ ಬಂದಿದ್ದ ಸೊಸೆಗೆ ಅವಳ ತಾಯಿ ಭಾನುವಾರ ಎಚ್.ಡಿ. ಕೋಟೆಯಿಂದ ಫೋನ್ ಮಾಡುತ್ತಿದ್ದರು. ಜೊತೆಗೆ ಬರುತ್ತಿದ್ದ ಅತ್ತೆ ಪಕ್ಕದಲ್ಲೇ ಕೂರುತ್ತಿದ್ದರು. ಹುಡುಗಿ, "ಚೆನ್ನಾಗಿವ್ನಿ ಕಣವ್ವ, ಊಟ ಆಯ್ತು" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು.

ಒಂದು ಭಾನುವಾರ ಅವಳು ಫೋನ್ ಎತ್ತುತ್ತಲೇ ನಮ್ಮವ್ವ ಎದ್ದು, "ಬನ್ನಿ ಅಕ್ಕ, ಇತ್ತಲಲ್ಲಿ ಮೆಣಸಿನ್ ಗಿಡದ ಎಲೆ ಯಾಕೋ ಮುದುರ್ಕತಾವೆ, ನೀವೇ ವಸಿ ನೋಡಿ" ಎಂದು ಅತ್ತೆಯನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ನನಗೂ ಕಣ್ಣಲ್ಲೇ ಏಳು ಎಂದಳು.

ಗಿಡಗಳೆಲ್ಲ ಚೆನ್ನಾಗಿಯೇ ಇದ್ದವು. ಅತ್ತೆ ಎಲೆ ತಿರುಗಿಸಿ ನೋಡುತ್ತಿದ್ದಾಗ ಒಳಗಿನಿಂದ ಮೊದಲು ಅಳು, ಆಮೇಲೆ ನಗು ಕೇಳಿಸಿತು. ಅವರಿಗೆ ಅರ್ಥವಾಯಿತು. ಅವರು ಏನಂದುಕೊಳ್ಳುತ್ತಾರೋ ಎಂದು ನಮ್ಮವ್ವ ಅಂಜಿದಳು.

"ನಾನು ಮದ್ವೆಯಾಗಿ ಬಂದಾಗ ನಮ್ಮವ್ವನ್ ಮಾತ್ ಕೇಳಕ್ಕೆ ಅಬ್ಬ ಬರೋಗಂಟ ಕಾಯ್ತಿದ್ದೆ ಕಣವ್ವ. ಮಾತಾಡ್ಕಳ್ಲಿ ಬುಡು" ಎಂದು ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತರು.

ಮುಂದಿನ ಭಾನುವಾರ ಸೊಸೆ ಒಬ್ಬಳೇ ಬಂದಳು. ಅತ್ತೆ ಅವಳ ಮಡಿಲ ತುಂಬ ಅವರೆಕಾಯಿ ಕೊಟ್ಟು ಕಳಿಸಿದ್ದರು.