ಗಡಿಯಾರದಲ್ಲಿ ಉಳಿದ ಹನ್ನೊಂದು ನಿಮಿಷ

ತಕ್ಕಡಿ ದುರಸ್ತಿಯವನ ಹೆಂಡತಿಗೆ ಮದುವೆಯಾಗಿ ಮೂವತ್ತು ವರ್ಷವಾದರೂ ಗಂಡನ ಚದುರಂಗ ತಲೆಗೆ ಹತ್ತಲಿಲ್ಲ. ಹತ್ತಿದ್ದು ಒಂದೇ ಸಂಗತಿ: ಕಾಯಿ ನಡೆಸಿದವನು ಕೂಡಲೇ ಗಡಿಯಾರದ ಗುಂಡಿ ಒತ್ತಬೇಕು, ಒತ್ತಿದರಷ್ಟೇ ತನ್ನ ಸಮಯ ನಿಂತು ಎದುರಾಳಿಯದು ಓಡತೊಡಗುತ್ತದೆ; ಸಮಯ ತೀರಿದವನು ಸೋತ.

ಈಚೆಗೆ ಗಂಡ ಒಲೆ ಆರಿಸುವುದನ್ನು ಮರೆಯುತ್ತಿದ್ದ. ಒಮ್ಮೆ ಗಿರಾಕಿಯ ತಕ್ಕಡಿ ಬಿಚ್ಚಿಟ್ಟು, ಮರಳಿ ಜೋಡಿಸುವ ಬಗೆ ಹೊಳೆಯದೆ ಮಧ್ಯಾಹ್ನವಿಡೀ ಅದರ ಮುಂದೆ ಕೂತಿದ್ದ. ಡಾಕ್ಟರ ಹೆಸರೆತ್ತಿದರೆ ಉರಿದುಬೀಳುತ್ತಿದ್ದವನು ಕೊನೆಗೊಂದು ಕರಾರು ಹಾಕಿದ: "ಈ ಟೂರ್ನಿಲಿ ಗುಮಾಸ್ತನ ಹತ್ರ ಸೋತ್ರೆ ಬರ್ತೀನಿ. ಗೆದ್ರೆ ಮತ್ತೆ ಆ ಮಾತೆತ್ಬಾರ್ದು."

ಗುಮಾಸ್ತ ಅವನ ಹಳೆಯ ಎದುರಾಳಿ. ಕೈಕುಲುಕುತ್ತಲೇ ಕೆಣಕಿದ: "ಏನ್ ತಕ್ಕಡಿ ಸಾಹೇಬ್ರೇ, ಈ ಸಲ ತೂಕದಲ್ಲಿ ಮೋಸ ಇಲ್ಲ ತಾನೇ?"

"ನಿನ್ನ ತೂಗೋಕೆ ತಕ್ಕಡಿ ಯಾಕಯ್ಯಾ, ಊದಿದ್ರೆ ಸಾಕು."

ಮೂರು ಗಂಟೆ ಕಳೆಯುವಷ್ಟರಲ್ಲಿ ಗುಮಾಸ್ತನ ಮುಖ ಬಾಡಿತ್ತು. ಹಗ್ಗದಾಚೆ ಅವಳ ಜೊತೆ ನಿಂತ ನೋಡುಗರು ಕಣ್ಣಲ್ಲೇ ಗಂಡನ ಪರ ತೀರ್ಪು ಕೊಟ್ಟಾಗಿತ್ತು. ಗಂಡ ಆನೆಯನ್ನು ಮುಂದಕ್ಕೆ ತಳ್ಳಿದ, ನಡೆಯನ್ನು ಹಾಳೆಯಲ್ಲಿ ಬರೆದ, ಕೈಕಟ್ಟಿ ಕೂತ. ಗುಂಡಿ ಒತ್ತಲಿಲ್ಲ.

ಅವನ ಪಾಲಿಗೆ ಉಳಿದಿದ್ದು ಹನ್ನೊಂದು ನಿಮಿಷ, ಅದು ಕರಗತೊಡಗಿತು.

ಗುಮಾಸ್ತ ಒಮ್ಮೆ ಗಡಿಯಾರ ನೋಡಿದ, ಆಮೇಲೆ ಗದ್ದಕ್ಕೆ ಕೈಕೊಟ್ಟು ಮಣೆಯನ್ನೇ ದಿಟ್ಟಿಸಿದ. ನೋಡುಗರು ಬಾಯಿಬಿಡುವಂತಿಲ್ಲ. ಅವಳ ಗಂಟಲಿಗೆ ಕೆಮ್ಮು ಬಂತು. ಒಂದು ಕೆಮ್ಮು ಸಾಕಿತ್ತು, ಅವನು ತಲೆಯೆತ್ತುತ್ತಿದ್ದ. ನುಂಗಿಕೊಂಡಳು. ನುಂಗಿಸಿದ್ದು ಆಟದ ನಿಯಮವೋ ಮನೆಯ ಕರಾರೋ, ಅವಳಿಗೇ ತಿಳಿಯಲಿಲ್ಲ. ಏಳು ನಿಮಿಷ. ಮೂರು. ಎದುರಾಳಿ ಉತ್ತರ ಕಾಣದೆ ತಿಣುಕುತ್ತಿದ್ದಾನೆಂದುಕೊಂಡು ಗಂಡ ಮೀಸೆಯಡಿ ನಗುತ್ತಿದ್ದ.

ಸೊನ್ನೆ. ತೀರ್ಪುಗಾರ ಬಂದು ಗಡಿಯಾರ ನಿಲ್ಲಿಸಿದ.

ಹೊರಗೆ ಮೆಟ್ಟಿಲ ಬಳಿ ಗುಮಾಸ್ತ ಅವಳನ್ನು ತಡೆದ. "ಅತ್ತಿಗೆ, ಹೇಳ್ಲೇಬೇಕು ಅಂತ ನಿಯಮ ಇಲ್ಲ..."

"ನಂಗೂ ಗೊತ್ತಪ್ಪಾ. ನಾನೂ ಬಾಯಿಗೆ ಹೊಲಿಗೆ ಹಾಕ್ಕೊಂಡೇ ನಿಂತಿದ್ದೆ."

ಗಂಡ ಅವಳ ಜೊತೆ ಬಸ್ ನಿಲ್ದಾಣಕ್ಕೆ ನಡೆದ. ಸೋತ ದಿನ ಎದುರಾಳಿಯ ಏಳು ತಲೆಮಾರನ್ನು ಜಾಲಾಡುತ್ತಿದ್ದವನು, ಇಂದು ಯಾರನ್ನೂ ಬೈಯಲಿಲ್ಲ. ಅವಳಿಗೆ ಅದೇ ಭಯ ಹುಟ್ಟಿಸಿತು. ಕೊನೆಗೆ ಅವನೇ ಮೆಲ್ಲಗೆ ಕೇಳಿದ:

"ಡಾಕ್ಟ್ರು ಮೊದ್ಲು ಏನ್ ಕೇಳ್ತಾರೆ ಗೊತ್ತೇನೇ? ಗೊತ್ತಿದ್ರೆ ಹೇಳ್ಕೊಡು. ತಯಾರಿ ಇಲ್ದೆ ಹೋದ್ರೆ ಸಿಕ್ಕಿಬೀಳ್ತೀನಿ."