ಪಿಲ್ಲಿ ಅಂದಿದ್ದು, ಪುಲಿ ಅಲ್ಲ

ಮೊದಲೇ ಹೇಳಿಬಿಡುತ್ತೇನೆ: ನಾನು ತಂದದ್ದು ಬೆಕ್ಕನ್ನು. ಹುಲಿಮರಿಯನ್ನಲ್ಲ, ಚಿರತೆ ಮರಿಯನ್ನಲ್ಲ, ಕಾಡುಬೆಕ್ಕನ್ನೂ ಅಲ್ಲ. ನಮ್ಮೂರು ರಾಯಲ್ಪಾಡಿನಲ್ಲಿ ಇವತ್ತಿಗೂ ಈ ಮಾತಿಗೆ ಕೆಲವರು ತಲೆಯಾಡಿಸಿ ನಗುತ್ತಾರೆ. ನಗಲಿ. ಅವರ ಮನೆ ಹಾಲು ಕುಡಿದು ಅದು ಬೆಳೆದಿಲ್ಲ.

ಮಾಲೂರಿನಲ್ಲಿ ನನ್ನ ತಂಗಿಯ ಮನೆ. ಅವಳ ಪಕ್ಕದ ಮನೆಯವರು ಬೆಂಗಳೂರಿನಿಂದ ಒಂದು ಜಾತಿ ಬೆಕ್ಕಿನ ಮರಿ ತಂದಿದ್ದರು. ಜಾತಿ ನಾಯಿ ಇರುವ ಹಾಗೆ ಜಾತಿ ಬೆಕ್ಕೂ ಇರುತ್ತದೆಂದು ನನಗೆ ಗೊತ್ತಾದದ್ದೇ ಆಗ. ಹಿಮ ಬೀಳುವ ದೇಶಗಳಲ್ಲಿ ಲಿಂಕ್ಸ್ ಎಂಬ ಕಾಡುಪ್ರಾಣಿ ಇದೆಯಂತೆ, ನಮ್ಮ ಲಡಾಖಿನ ಕಡೆಯೂ ಇದೆಯಂತೆ. ನೋಡುವುದಕ್ಕೆ ಅದರ ಹಾಗೇ ಇರಬೇಕು, ಆದರೆ ಮಡಿಲಲ್ಲಿ ಮಲಗಬೇಕು ಎಂಬ ಆಸೆಯಿಂದ ಜನ ಬೆಕ್ಕುಗಳನ್ನು ಆರಿಸಿ, ಕೂಡಿಸಿ, ತಳಿ ಮಾಡುತ್ತಾರಂತೆ. ಕೆಲವಕ್ಕೆ ಮೋಟು ಬಾಲ, ಕೆಲವಕ್ಕೆ ಮೈತುಂಬ ಚುಕ್ಕೆ. ಈ ಮರಿ ಮೇನ್ ಕೂನ್ ಎಂಬ ತಳಿಯದು, ಅದೂ ಪೂರ್ತಿ ಅಲ್ಲ, ಬೆರಕೆ ಎಂದು ಮಾಲೂರಿನ ದನದ ಡಾಕ್ಟರು ಹೇಳಿದ್ದರಂತೆ. ಕೆನ್ನೆಯ ಎರಡೂ ಕಡೆ ಗಡ್ಡದಂಥ ಕೂದಲು, ಮೈಗೆ ಮೀರಿದ ದಪ್ಪ ಪಾದ, ಎರಡು ಕಿವಿಗಳ ತುದಿಯಲ್ಲೂ ನೆಟ್ಟಗೆ ನಿಂತ ಕಪ್ಪು ಕುಚ್ಚು.

ಆ ಮನೆಯ ಮಗುವಿಗೆ ಬೆಕ್ಕಿನ ಕೂದಲಿಂದ ಉಬ್ಬಸ ಶುರುವಾಯಿತು. ಯಾರಾದರೂ ತೆಗೆದುಕೊಂಡು ಹೋದರೆ ಸಾಕು ಎನ್ನುತ್ತಿದ್ದರು. ನಾನು ತಂಗಿಯ ಮನೆಯಲ್ಲಿ ಕೂತಿದ್ದಾಗ ಅದು ಗೋಡೆ ಹಾರಿ ಬಂದು ನನ್ನ ಮಡಿಲು ಹತ್ತಿ, ಸೆರಗಿನ ಅಂಚನ್ನು ಬಾಯಲ್ಲಿ ಹಿಡಿದುಕೊಂಡು ನಿದ್ದೆಹೋಯಿತು. ನಾನು ಇಪ್ಪತ್ತು ವರ್ಷದಿಂದ ಊರಿನ ಹೆಂಗಸರಿಗೆ ರವಿಕೆ ಹೊಲಿಯುವವಳು. ಬಟ್ಟೆ ಹಾಳುಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದನ್ನು ಮಾತ್ರ ಎಬ್ಬಿಸಲು ಮನಸ್ಸು ಬರಲಿಲ್ಲ.

ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿದೆ. ನಾನೂ ಅಮ್ಮನೂ ಇಬ್ಬರೇ ಇರುವುದು. ನಮ್ಮೂರು ಆಂಧ್ರದ ಗಡಿಗೆ ಅಂಟಿಕೊಂಡ ಊರು. ಹೊಲದ ಬದುವಿನಲ್ಲಿ ಸಿಕ್ಕಿದ ಸೊಪ್ಪನ್ನೆಲ್ಲ ಕಲೆಹಾಕಿ ಬೆರಕೆ ಸೊಪ್ಪಿನ ಸಾರು ಮಾಡುತ್ತೇವಲ್ಲ, ನಮ್ಮ ಮಾತೂ ಹಾಗೇ. ಅರ್ಧ ಕನ್ನಡ, ಅರ್ಧ ತೆಲುಗು, ಒಗ್ಗರಣೆಗೆ ಒಂದಿಷ್ಟು ಉರ್ದು. "ಪಿಲ್ಲಿ ಪಿಲ್ಲನ್ನ ತರ್ತಾ ಇದೀನಿ, ಒಂದು ಲೋಟ ಹಾಲು ಎತ್ತಿಡಮ್ಮ" ಎಂದೆ. ತೆಲುಗಿನಲ್ಲಿ ಪಿಲ್ಲಿ ಅಂದರೆ ಬೆಕ್ಕು, ಪಿಲ್ಲ ಅಂದರೆ ಮರಿ. ಅಮ್ಮ "ನಿಂಗೇನು ತಲೆ ಕೆಟ್ಟಿದೆಯೇನೇ" ಎಂದು ಫೋನು ಇಟ್ಟಳು. ಬೆಕ್ಕು ಅಂದರೆ ಅವಳಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ, ಅದಕ್ಕೇ ಸಿಡುಕಿದಳು ಎಂದುಕೊಂಡೆ.

ಕೋಲಾರಕ್ಕೆ ಬಂದು, ಶ್ರೀನಿವಾಸಪುರದ ಬಸ್ಸು ಹಿಡಿದು, ಅಲ್ಲಿ ಇನ್ನೊಂದು ಬಸ್ಸು ಹತ್ತಿ ಊರು ಮುಟ್ಟುವಾಗ ಸಂಜೆ. ಬಸ್‌ಸ್ಟಾಪಿನಲ್ಲಿ ಅರ್ಧ ಊರು ನಿಂತಿತ್ತು. ಯಾರೋ ತೀರಿಕೊಂಡಿರಬೇಕು ಎಂದುಕೊಂಡೆ. ನಾನು ಇಳಿದ ಕೂಡಲೇ ಎಲ್ಲರೂ ನನ್ನ ಮುಖ ಬಿಟ್ಟು ಕೈಯಲ್ಲಿದ್ದ ಬುಟ್ಟಿ ನೋಡಿದರು. ಅಷ್ಟರಲ್ಲಿ ಮರಿ ಟವೆಲಿನಿಂದ ತಲೆ ಹೊರಗೆ ಹಾಕಿತು. ಮೊದಲು ಕುಚ್ಚಿನ ಕಿವಿ, ಆಮೇಲೆ ಗಡ್ಡ, ಆಮೇಲೆ ಹಳದಿ ಕಣ್ಣು. ಮುಂದೆ ನಿಂತಿದ್ದವರು ಹಿಂದಿದ್ದವರ ಕಾಲು ತುಳಿದುಕೊಂಡು ಹಿಂದೆ ಸರಿದರು.

ಆಗಿದ್ದು ಇಷ್ಟೆ. ಅಮ್ಮ ಪಿಲ್ಲಿಯನ್ನು ಪುಲಿ ಎಂದು ಕೇಳಿಸಿಕೊಂಡಿದ್ದಳು. ಪುಲಿ ಅಂದರೆ ಹುಲಿ. ಮಗಳು ಹುಲಿಮರಿ ತರುತ್ತಿದ್ದಾಳೆ ಎಂದು ಎದುರುಮನೆ ಅತ್ತೆಗೆ ಹೇಳಿದಳು. ಅತ್ತೆಯ ಬಾಯಿಗೆ ಬಿದ್ದ ಮೇಲೆ ಕೇಳಬೇಕೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು.

ನಾನು ಅಂದಿದ್ದು ಪಿಲ್ಲಿ ಎಂದು ಅಮ್ಮನ ಮುಂದೆ ಎಷ್ಟು ಬಡಿದುಕೊಂಡರೂ ಅವಳು ಒಪ್ಪಲಿಲ್ಲ. ನೀನು ಅಂದಿದ್ದು ಪುಲಿ, ನನ್ನ ಕಿವಿಯಾರೆ ಕೇಳಿದೆ ಎಂದು ಒಂದೇ ಹಠ. ನಮ್ಮ ಬೀದಿಯಲ್ಲಿ ಅಮ್ಮನ ಕಿವಿಗೆ ಒಂದು ಮರ್ಯಾದೆ ಇತ್ತು. ಮದುವೆ ಮಾತುಕತೆಗೆ, ಅಣ್ಣತಮ್ಮಂದಿರ ಪಾಲಿನ ಮಾತಿಗೆ ಅವಳನ್ನು ಕರೆದು ಕೂರಿಸಿಕೊಳ್ಳುತ್ತಿದ್ದರು. ನಾಳೆ ಯಾರಾದರೂ ಮಾತು ಬದಲಿಸಿದರೆ, ಅವರು ಅಂದಿದ್ದನ್ನು ಅಂದ ಹಾಗೇ ಹೇಳುವವಳು ಅವಳು. ಅಂಥವಳಿಗೆ ನೀನು ತಪ್ಪು ಕೇಳಿಸಿಕೊಂಡೆ ಎಂದರೆ ಕೆಂಡ ತುಳಿದ ಹಾಗೆ ಆಡುತ್ತಿದ್ದಳು. ಇತ್ತೀಚೆಗೆ ಟಿವಿಯನ್ನು ಬೀದಿಗೆಲ್ಲ ಕೇಳುವ ಹಾಗೆ ಹಾಕುತ್ತಿದ್ದಳು. ಕುಕ್ಕರು ಕೂಗಿ ಕೂಗಿ ಸುಸ್ತಾದರೂ ಎದ್ದು ಹೋಗುತ್ತಿರಲಿಲ್ಲ. ನಾನು ಅದನ್ನೆಲ್ಲ ಅವಳ ದರ್ಬಾರು ಎಂದುಕೊಂಡಿದ್ದೆ.

ಸರಿ, ಊರೇ ಪುಲಿ ಅಂದ ಮೇಲೆ ನಾನು ಅದಕ್ಕೆ ಪುಲಿ ಎಂದೇ ಹೆಸರಿಟ್ಟೆ. ಹಠಕ್ಕೇ ಇಟ್ಟೆ. ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳಿಸುವ ಹಾಗೆ "ಪುಲೀ, ಬಾರೇ, ಹಾಲು ಕುಡಿ" ಎಂದು ಕರೆಯುತ್ತಿದ್ದೆ.

ಇನ್ನು ಆ ಪುಲಿಯ ಶೌರ್ಯ ಕೇಳಿ. ಎದುರುಮನೆ ಅತ್ತೆಯ ಹೇಂಟೆಯೊಂದು ಮೂತಿಗೆ ಕುಕ್ಕಿದ್ದಕ್ಕೆ ಹೊಲಿಗೆ ಮಿಷಿನ್ನಿನ ಕೆಳಗೆ ಸೇರಿಕೊಂಡು ಮಾರನೆಯ ದಿನದವರೆಗೂ ಹೊರಗೆ ಬರಲಿಲ್ಲ. ಬೀಳುವ ಚೂರು ಬಟ್ಟೆಯೇ ಅದರ ಬೇಟೆ. ಆದರೆ ಅತ್ತೆಯ ಕೋಳಿಗಳು ಒಂದೊಂದಾಗಿ ಕಾಣೆಯಾದಾಗ ಮುಂಗುಸಿಯನ್ನು ಯಾರೂ ನೆನೆಯಲಿಲ್ಲ, ಎಲ್ಲರ ಕಣ್ಣೂ ನಮ್ಮ ಬಾಗಿಲ ಮೇಲೆ. ಮಾವು ಬಲಿಯುವ ಕಾಲ ಬಂತು. ಊರಾಚೆ ಪಂಚಾಯ್ತಿ ಮೆಂಬರೊಬ್ಬರ ತೋಟ ಇದೆ. ಅವರ ಕಾವಲಿನವರು ತೋಟದಲ್ಲಿ ಮಲಗುವುದಿಲ್ಲ ಎಂದುಬಿಟ್ಟರಂತೆ. ಮರಿ ಊರಲ್ಲಿರುವಾಗ ತಾಯಿ ಸುಮ್ಮನಿರುತ್ತದೆಯೇ ಎಂಬುದು ಅವರ ಭಯ. ಅತ್ತೆ ನನ್ನ ಮುಖಕ್ಕೇ ಅಂದರು: "ಮರೀನ ತಂದ್ಮೇಲೆ ತಾಯಿ ಬಿಡ್ತದೇನೇ? ಹುಡುಕ್ಕೊಂಡು ಬಂದೇ ಬರ್ತದೆ."

ಅದರ ತಾಯಿ ಬೆಂಗಳೂರಿನಲ್ಲಿ ಯಾರದೋ ಸೋಫಾದ ಮೇಲೆ ಮಲಗಿದೆ, ಬಸ್ಸು ಹತ್ತಿ ಬರುವುದಾದರೆ ಬರಲಿ ಎಂದೆ. ನಗು ಬರಲಿಲ್ಲ ಯಾರಿಗೂ. ರವಿಕೆ ಅಳತೆ ಕೊಡಲು ಬರುವವರು ಕಡಿಮೆಯಾದರು. ಬಂದವರೂ ಹೊಸಿಲಾಚೆಯೇ ನಿಂತು ಹಳೇ ರವಿಕೆ ಒಳಗೆ ಎಸೆದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಅಮ್ಮ ಊಟಕ್ಕೆ ಕೂತವಳು ಮುದ್ದೆ ಮುರಿಯದೆ, ಅದನ್ನು ಮಾಲೂರಿಗೇ ಬಿಟ್ಟು ಬಾ, ಊರ ಬಾಯಿ ಮುಚ್ಚೋಕಾಗುತ್ತಾ ಎಂದಳು. ನನಗೆ ರೇಗಿಹೋಯಿತು. ಗಂಡನ ಮನೆ ಬಿಟ್ಟು ಬಂದಾಗಲೂ ಇದೇ ಮಾತು ಕೇಳಿದ್ದೆ, ಇದೇ ಜಾಗದಲ್ಲಿ ಕೂತು. ಆಗಲೂ ಊರಿಗೆ ಬಾಯಿತ್ತು. ನಾನೂ ಹೋಗಲಿಲ್ಲ, ಊರೂ ಮುಳುಗಲಿಲ್ಲ. ಅಷ್ಟನ್ನೂ ಅಮ್ಮನ ಮುಂದೆ ಜೋರಾಗಿಯೇ ಅಂದೆ. ಅವಳು ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು. ಎಷ್ಟು ಕೇಳಿಸಿತೋ, ಆಮೇಲೆ ಮುದ್ದೆ ಮುರಿದು ಸಾರಿಗೆ ಅದ್ದಿದಳು.

ಆ ವಾರವೇ ಅರಣ್ಯ ಇಲಾಖೆಯ ಜೀಪು ಬಂತು. ಮೆಂಬರು ದೂರು ಕೊಟ್ಟು, ಜೀಪಿನ ಜೊತೆಗೇ ಬಂದಿದ್ದರು. ಗಾರ್ಡ್ ಒಳ್ಳೆಯ ಮನುಷ್ಯ, ದುಡುಕಲಿಲ್ಲ. ಮರಿಯನ್ನು ಎತ್ತಿಕೊಂಡು ಕಿವಿ ನೋಡಿದರು, ಪಾದ ನೋಡಿದರು, ಬಾಲ ನೋಡಿದರು. ಸಾಕುವ ಬೆಕ್ಕೇ ಇರಬೇಕು ಎಂದರು. ಆದರೆ ಕಿವಿಯ ಕೂದಲು ನೋಡಿದರೆ ತಮಗೂ ಗಟ್ಟಿಯಾಗಿ ಹೇಳಲು ಧೈರ್ಯವಿಲ್ಲ, ಮೇಲಾಗಿ ತಂದವರೇ ಹುಲಿಮರಿ ಅಂದಿದ್ದಾರೆ, ಕರೆಯುವುದೂ ಪುಲಿ ಎಂದೇ ಎಂದು ಊರೆಲ್ಲ ಹೇಳುತ್ತಿದೆ. ಕೋಲಾರಕ್ಕೆ ತೆಗೆದುಕೊಂಡು ಹೋಗಿ ಸಾಹೇಬರಿಗೆ ತೋರಿಸುತ್ತೇವೆ ಎಂದರು. ಯಾವಾಗ ವಾಪಸ್ಸು ಕೊಡುತ್ತೀರಿ ಎಂದೆ. ಜೀಪಿನಿಂದ ಕಬ್ಬಿಣದ ಪಂಜರ ಇಳಿಸಿದರು. ಮರಿ ಅವರ ಕೈಯಿಂದ ಹಾರಿ ಬಂದು ನನ್ನ ಸೆರಗು ಕಚ್ಚಿಕೊಂಡಿತು.

ನಾನು ಹೊಸಿಲ ಮೇಲೆ ಅಡ್ಡ ನಿಂತೆ. ಹೆಸರಿಟ್ಟದ್ದು ಹಠಕ್ಕೆ, ಅಷ್ಟಕ್ಕೆ ಬೆಕ್ಕು ಹುಲಿಯಾಗುವುದಾದರೆ ಊರಲ್ಲಿ ರಾಜ ಅಂತ ಹೆಸರಿರುವವರನ್ನೆಲ್ಲ ಅರಮನೆಗೆ ಕರೆದುಕೊಂಡು ಹೋಗಿ ಎಂದೆ. ಮೊದಲು ಅಂದದ್ದು ನಾನಲ್ಲ, ನಾನು ಅಂದಿದ್ದು ಪಿಲ್ಲಿ ಎಂದೆ. ಮೆಂಬರು ನನ್ನ ಕಡೆ ತಿರುಗಲೂ ಇಲ್ಲ. ಆಯಮ್ಮನನ್ನೇ ಕೇಳಿ ಸಾರ್, ಅವರು ಕೇಳಿದ್ದನ್ನ ಕೇಳಿದ ಹಾಗೇ ಹೇಳೋರು ಎಂದು ಜಗಲಿಯ ಕಡೆ ಕೈ ತೋರಿಸಿದರು.

ಜಗಲಿಯ ಮೇಲೆ ಅಮ್ಮ ಕೂತಿದ್ದಳು. ಗಾರ್ಡ್ ಮೊಬೈಲಿನಲ್ಲಿ ಏನೋ ಒತ್ತುತ್ತ, ತಲೆ ತಗ್ಗಿಸಿಕೊಂಡೇ, ನಿಮ್ಮ ಮಗಳು ಫೋನಿನಲ್ಲಿ ಏನಂದರು ಅಜ್ಜಿ ಎಂದು ಕೇಳಿದರು. ಅಮ್ಮ ಸುಮ್ಮನಿದ್ದಳು. ಮತ್ತೆ ಕೇಳಿದರು. ಅವಳು ಅವರ ಮುಖ ಕಾಣಲು ಕತ್ತು ಬಗ್ಗಿಸಿದಳು, ಕಾಣಲಿಲ್ಲ, ನನ್ನ ಕಡೆ ನೋಡಿದಳು. ಮಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲ ಪಾಪ ಎಂದು ಯಾರೋ ಹಿಂದಿನಿಂದ ಅಂದರು. ನನಗೆ ಆಗ ಹೊಳೆಯಿತು. ಟಿವಿ, ಕುಕ್ಕರು, ಮಾತಾಡುವಾಗ ಬಾಯನ್ನೇ ನೋಡುವುದು, ಎಲ್ಲ ಒಟ್ಟಿಗೆ ಹೊಳೆಯಿತು.

ಬಾಯಿಬಿಟ್ಟು ಹೇಳಿಬಿಡೋಣ ಎನ್ನಿಸಿತು. ಹೇಳಿದರೆ ಮರಿ ಉಳಿಯುತ್ತಿತ್ತು. ಆದರೆ ಆ ಬೀದಿಯಲ್ಲಿ, ಆ ಜನರ ಮುಂದೆ, ನನ್ನ ಅಮ್ಮ ಕಿವುಡಿ ಎಂದು ನಾನು ಹೇಗೆ ಅನ್ನಲಿ?

ಅಮ್ಮ ಪಂಜರ ನೋಡಿದಳು. ನನ್ನ ಸೆರಗಿನಲ್ಲಿ ನೇತಾಡುತ್ತಿದ್ದ ಮರಿಯನ್ನು ನೋಡಿದಳು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ನನ್ನ ಮುಂದೆ ನಿಂತಳು.

"ನೀನು ಕೇಳಿದ್ದು ನಂಗೆ ಕೇಳಿಸ್ಲಿಲ್ಲ ಕಣಪ್ಪ" ಎಂದಳು. "ನಂಗೆ ಕಿವಿ ಕೇಳಿಸಲ್ಲ. ಸುಮಾರು ದಿನ ಆಯ್ತು, ಯಾರಿಗೂ ಹೇಳಿಲ್ಲ. ಇವಳು ಪಿಲ್ಲಿ ಅಂದಿರ್ತಾಳೆ, ನಂಗೆ ಪುಲಿ ಅಂತ ಕೇಳಿಸ್ತು. ತಪ್ಪು ನನ್ನ ಕಿವೀದು, ಆ ಬೆಕ್ಕಿನ ಕಿವೀದಲ್ಲ."

ಗಾರ್ಡ್ ಮೊಬೈಲು ಜೇಬಿಗೆ ಹಾಕಿದರು. ಮೆಂಬರು ಏನೋ ಹೇಳಲು ಹೋದರು. ಅಮ್ಮ ಅವರ ಬಾಯಿ ಅಲ್ಲಾಡುವುದನ್ನು ಸ್ವಲ್ಪ ಹೊತ್ತು ನೋಡಿ, "ಜೋರಾಗಿ ಹೇಳಪ್ಪ, ಕಿವುಡಿ ನಾನು" ಎಂದಳು. ಅವರು ಜೋರಾಗಿ ಹೇಳಲಿಲ್ಲ. ಪಂಜರ ಖಾಲಿಯಾಗಿಯೇ ಜೀಪು ಹತ್ತಿತು.

ಈಗ ಮದುವೆ ಮಾತುಕತೆಗೆ ಅಮ್ಮನನ್ನು ಕರೆಯುವುದಿಲ್ಲ. ಎದುರುಮನೆ ಅತ್ತೆ ಬೇಕೆಂದೇ ಅವಳ ಕಿವಿಯ ಹತ್ತಿರ ಬಂದು ಕಿರುಚುತ್ತಾರೆ. ಅಮ್ಮ ಕೇಳಿಸಿದರೂ ಕೇಳಿಸದವಳ ಹಾಗೆ ಆಕಾಶ ನೋಡುತ್ತಾಳೆ. ಪುಲಿ ಮಲಗುವುದು ಅವಳ ಮಡಿಲಲ್ಲೇ, ನನ್ನನ್ನು ಕ್ಯಾರೇ ಅನ್ನುವುದಿಲ್ಲ. ಕುಕ್ಕರು ಕೂಗಿದರೆ ಅದರ ಕುಚ್ಚಿನ ಕಿವಿ ಒಲೆಯ ಕಡೆ ತಿರುಗುತ್ತದೆ, ಅದನ್ನು ನೋಡಿ ಅಮ್ಮ ಎದ್ದು ಹೋಗುತ್ತಾಳೆ.

ಮರಿಯನ್ನು ಮುಟ್ಟಿದರೆ ತಾಯಿ ಬಂದೇ ಬರುತ್ತದೆ ಎಂದು ಹೆದರಿಸಿದ್ದರಲ್ಲ ಇವರು. ಬಂದಳಲ್ಲ.