ಕೂರಿಗೆಯ ಬಟ್ಟಲು

ಹೋದ ವಾರ ಕಲಬುರಗಿಯ ನಮ್ಮ ಓಣಿಯಲ್ಲಿ ಕರೆಂಟಿನ ತಂತಿಗೆ ತಾಗುತ್ತಿದ್ದ ಜಾಲಿಯ ಕೊಂಬೆಯನ್ನು ಕಡಿದು ಹಾಕಿದ್ದರು. ಹಸಿ ಜಾಲಿಯ ಒಗರು ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿ ತರಕಾರಿ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ನೆಲೋಗಿಯ ಬಡಿಗೇರ ಕಾಕಾ ಅವರ ಅಂಗಳದಲ್ಲಿ ಸದಾ ಇದ್ದದ್ದು ಇದೇ ವಾಸನೆ...

ಚಿತ್ರಕಲೆಯ ಓದು ಮುಗಿಸಿದ ವರ್ಷ ಕಟ್ಟಿಗೆ ಕೆಲಸ ಕಲಿಯಬೇಕೆಂದು ಹಟ ಹಿಡಿದಿದ್ದೆ. ಅಪ್ಪ ತಮಗೆ ಪರಿಚಯವಿದ್ದ ಕಾಕಾ ಅವರ ಮನೆಯಲ್ಲಿ ನನ್ನನ್ನು ಬಿಟ್ಟು ಬಂದರು. ತಗಡಿನ ಮನೆ. ಅಂಗಳದ ಒಂದು ಬದಿಗೆ ಕಾಕಾ ಅವರ ಕೆಲಸ, ಇನ್ನೊಂದು ಬದಿಗೆ ಅವರ ಹೆಂಡತಿ ಕಾಕುವಿನ ಒಲೆ. ಮದುವೆಯಾಗಿ ಹೋದ ಅವರ ಹೆಣ್ಣುಮಕ್ಕಳ ಕೋಣೆ ನನಗೆ ಸಿಕ್ಕಿತು. ಎದ್ದು ಕಸ ಹೊಡೆದು, ರೊಟ್ಟಿ, ಪುಂಡಿಪಲ್ಯ ತಿಂದು ಕೂತರೆ ಹೊತ್ತು ಮುಳುಗುವತನಕ ಉಳಿ ಮಸೆಯುವುದೇ ಕೆಲಸ. ಅಂಗೈ ಬೊಬ್ಬೆ ಒಡೆದು, ಗಟ್ಟಿಯಾದ ಮೇಲೆಯೇ ಕಾಕಾ ಕಟ್ಟಿಗೆ ಮುಟ್ಟಲು ಬಿಟ್ಟರು.

ಮುಂಗಾರಿಗೆ ಮುಂಚೆ ಪಕ್ಕದ ಹೊಲದ ರೈತರೊಬ್ಬರು ಬಿತ್ತುವ ಕೂರಿಗೆ ಮಾಡಿಕೊಡಲು ಹೇಳಿಹೋದರು. ಅದರ ಬಟ್ಟಲು ಕೊರೆಯುವ ಕೆಲಸವನ್ನು ಕಾಕಾ ನನಗೆ ಕೊಟ್ಟರು. ಬಿತ್ತುವಾಗ ಬೀಜ ಬಿಡುವುದು ಈ ಬಟ್ಟಲಿಗೆ. ತಳದ ತೂತುಗಳಿಂದ ಅದು ಎಲ್ಲ ಸಾಲಿಗೂ ಸಮನಾಗಿ ಇಳಿಯಬೇಕು. ನನ್ನ ಮೊದಲ ಬಟ್ಟಲಿಗೆ ಕಾಕಾ ಒಂದು ಹಿಡಿ ತೊಗರಿ ಹಾಕಿ ನೋಡಿದರು.

"ಬೀಜೆಲ್ಲಾ ಒಂದ ತೂತಿಗೆ ಓಡಾಕತ್ತಾವಲ್ಲ ಬೇ. ಉಳಿದ ಸಾಲು ಉಪಾಸ."

ಅದು ಒಲೆಗೆ ಹೋಯಿತು. ಎರಡನೆಯದನ್ನು ಮುಗಿಸುತ್ತಿದ್ದಾಗ ಆ ರೈತರು ಬಂದರು. ನನ್ನ ಕೈಯಲ್ಲಿದ್ದ ಉಳಿ ನೋಡಿ ಮುಖ ಗಂಟಿಕ್ಕಿದರು.

"ಹೆಣ್ಮಗಳು ಕೊರದದ್ದು ನನ್ನ ಹೊಲಕ್ಕ ಬ್ಯಾಡ್ರಿ. ನೀವ ಬ್ಯಾರೆ ಮಾಡಿಕೊಡ್ರಿ."

ಕಾಕಾ ಅವರ ತಂದೆಯ ಕಾಲದಿಂದ ಕೆಲಸ ಮಾಡಿಸಿಕೊಳ್ಳಲು ಬರುತ್ತಿದ್ದ ಮನೆತನ ಅದು. ನಾನು ಉಳಿ ಕೆಳಗಿಟ್ಟೆ. ಕಾಕಾ ಅದನ್ನೆತ್ತಿ ಮತ್ತೆ ನನ್ನ ಕೈಗೇ ಕೊಟ್ಟು, ಬಟ್ಟಲಿಗೆ ತೊಗರಿ ಹಾಕಿ ನೋಡಿದರು. "ಬರಾಬರ್ ಆಗ್ಯದ. ಬ್ಯಾರೆ ಮಾಡಂಗಿಲ್ರಿ," ಎಂದರು. ರೈತರು ಎದ್ದು ಹೋಗಿ, ಬಿತ್ತಲಿಕ್ಕೆ ಟ್ರ್ಯಾಕ್ಟರ್ ಗೊತ್ತು ಮಾಡಿದರು.

ನನ್ನಿಂದಾಗಿ ಇಂಥ ಮನೆತನ ದೂರವಾಯಿತೆಂದು ನಾನು ಕಣ್ಣೀರು ಹಾಕಿದೆ. ರೊಟ್ಟಿ ಬಡಿಯುತ್ತಿದ್ದ ಕಾಕು ತಲೆ ಎತ್ತದೆ ಅಂದರು, "ಬಿತ್ತೂ ಮುಂದ ಬಟ್ಟಲಿಗೆ ಬೀಜ ಬಿಡೂ ಕೈ ಯಾರವ ಬೇ? ನಮ್ಮ ಹೆಣ್ಮಕ್ಕಳವ. ಬಟ್ಟಲಾ ಮಾಡಿದ್ರ ಏನ ತಪ್ಪದ?"

ಮಳೆ ಬಿತ್ತು. ಕಾಕಾ ಆ ಕೂರಿಗೆಯನ್ನು ತಮ್ಮ ತುಂಡು ಹೊಲಕ್ಕೇ ಒಯ್ದರು. ಅವರು ಎತ್ತು ಹೊಡೆದರು, ಕಾಕು ಸೆರಗು ಕಟ್ಟಿ ಬೀಜ ಬಿಟ್ಟರು. ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಆಮೇಲೆ ಮೊಳಕೆ ಕಾಣುವವರೆಗೆ ನನಗೆ ಊಟ ರುಚಿಸಲಿಲ್ಲ...

ಮೊಳಕೆ ಬಂತು. ಕರಿ ನೆಲದ ಮೇಲೆ ಬಾಚಿದ ತಲೆಯಂತೆ ಸಾಲುಗಳು, ಎಲ್ಲೂ ಬರಿದಿಲ್ಲ, ಎಲ್ಲೂ ಗಿಜಿಗುಡುವುದಿಲ್ಲ. ಆ ರೈತರು ಒಂದು ಮುಂಜಾನೆ ನಮ್ಮ ಹೊಲದೊಳಗೆ ಇಳಿದು, ಬಗ್ಗಿ ಬಗ್ಗಿ ನೋಡುತ್ತ ಸಾಲಿನ ಕೊನೆತನಕ ನಡೆದರು. ಸಂಜೆ ಅಂಗಳಕ್ಕೆ ಬಂದು, ಹಿಂಗಾರಿ ಜೋಳಕ್ಕೆ ಒಂದು ಕೂರಿಗೆ ಬೇಕೆಂದರು.

ಕಾಕಾ ರಂಧ್ರ ಕೊರೆಯುತ್ತಿದ್ದ ಬೈರಿಗೆಯಿಂದ ಕಣ್ಣೆತ್ತಲಿಲ್ಲ. "ನನ್ನ ಯಾಕ ಕೇಳ್ತೀರಿ? ನೋಡ್ರಿ, ಅಲ್ಲಿ ಕುಂತಾಳ. ಆಕೀನ ಕೇಳ್ರಿ."

ಅವರು ನನ್ನ ಕಡೆ ತಿರುಗಿದರು. "ಮಾಡಿಕೊಡ್ತೀಯೇನವ್ವ?" ಅಂದರು. ನನ್ನ ಎದೆ ಅಷ್ಟು ಉಬ್ಬಿದ್ದು ಆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಕಾಕಾ ಹೋದ ಮುಂಗಾರಿನಲ್ಲಿ ತೀರಿಕೊಂಡರು. ಈಗ ಕಲಬುರಗಿಯಲ್ಲಿ ನನ್ನದೇ ಒಂದು ಕೆಲಸದ ಶೆಡ್ ಇದೆ. ಬಾಗಿಲು, ಮಂಚ, ತೊಟ್ಟಿಲು ಮಾಡುತ್ತೇನೆ, ಕೂರಿಗೆ ಕೇಳುವವರಿಲ್ಲ. ಯಾರ ಹತ್ತಿರ ಕಲಿತಿರಿ ಎಂದು ಗಿರಾಕಿಗಳು ಕೇಳಿದರೆ, ನೆಲೋಗಿಯ ಬಡಿಗೇರ ಮನೆಯವಳು ನಾನು ಎನ್ನುತ್ತೇನೆ. ಕೆಲಸ ಮುಗಿದಾಗ ಇವತ್ತಿಗೂ ಒಂದು ಗಳಿಗೆ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ, ಕಾಕಾ ಬಂದು ನೋಡಲಿ ಎಂಬಂತೆ... ಬರುವವರು ಯಾರೂ ಇಲ್ಲ. ಆಮೇಲೆ ನಾನೇ ಬಗ್ಗಿ, ಅವರಷ್ಟೇ ನಿಷ್ಠುರವಾಗಿ ನೋಡುತ್ತೇನೆ.